'ಅವರಂಗ ನಾವೂ ಆಗ್ಬೇಕು' ಅನ್ನೋದನ್ನ ಇಂಗ್ಲಿಷ್‌ನ್ಯಾಗ ಹೆಂಗ ಬರಿಯೋದು

ಕೊಪ್ಪಳದಾಗ ಡಿಟಿಪಿ ಅಂಗಡಿ ನಡೆಸೋ ನನ್ನಂಥೋರಿಗೆ ಟೈಪ್ ಮಾಡೋದಕ್ಕಿಂತ ಇಂಗ್ಲಿಷ್ ತಿದ್ದೋ ಕೆಲಸಾನ ಜಾಸ್ತಿ ಬರ್ತೈತಿ. ಬ್ಯಾಂಕ್ ಸಾಲದ ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್, ಸ್ಕಾಲರ್‌ಶಿಪ್ ಫಾರಂ ಜೋಡಿ ಹಚ್ಚೋ ಒಂದು ಪುಟದ ಬರಹ, ಏನೇ ಇರ್ಲಿ, ಎಲ್ಲೋ ಒಂದ್ ಕಡೆ ಈ ಮಾತು ಬಂದೇ ಬರ್ತೈತಿ: ಇಂಥವ್ರು ಮುಂದ ಬಂದಾರ, ನಾವೂ ಅವರಂಗ ಆಗ್ಬೇಕು. ಕನ್ನಡದಾಗ ಅಷ್ಟಂದ್ರ ಸಾಕು, ಎದುರಿಗಿದ್ದೋರಿಗೆ ಪೂರ್ತಿ ತಿಳಿತೈತಿ. ಇಂಗ್ಲಿಷಿಗೆ ತರೋವಾಗ ಮಾತ್ರ ಹತ್ತಕ್ಕ ಒಂಬತ್ತು ಮಂದಿ 'ವಿ ವಾಂಟ್ ಟು ಇಮಿಟೇಟ್ ದೇರ್ ಸಕ್ಸಸ್' ಅಂತ ಬರೀತಾರ.

ವ್ಯಾಕರಣ ಹಿಡಿದು ನೋಡಿದ್ರ ಇದ್ರಾಗ ತಪ್ಪಿಲ್ರಿ, ಕರ್ತೃ ಐತಿ, ಕ್ರಿಯಾಪದ ಐತಿ, ಕರ್ಮ ಐತಿ. ಆದ್ರೂ ಓದಿದ ಮ್ಯಾನೇಜರ್‌ಗೆ ಅದು ಕಿವಿಗೆ ಹಿತ ಅನಿಸೂದಿಲ್ಲ. ಕಾರಣ ಏನಂದ್ರ ಇಮಿಟೇಟ್ ಅನ್ನೋದು ಕಣ್ಣಿಗೆ ಕಿವಿಗೆ ಸಿಗೋದಕ್ಕ ಹೊಂದೋ ಪದ: ಒಬ್ಬರ ನಡಿಗಿ, ದನಿ, ಕೈಬರಹ, ಕೆಲಸ ಮಾಡೋ ರೀತಿ, ಇವನ್ನ ಇಮಿಟೇಟ್ ಮಾಡಬಹುದು. ಸಕ್ಸಸ್ ಅನ್ನೋದು ಕೆಲಸ ಮುಗಿದ ಮ್ಯಾಲೆ ಬರೋ ಫಲ, ಅದನ್ನ ನೋಡ್ಕೋತ ಹಂಗ ಮಾಡಾಕ ಬರೂದಿಲ್ಲ. ಇನ್ನೊಂದು ಏನಂದ್ರ ನಮ್ಮ ಬಜಾರದಾಗ ಇಮಿಟೇಶನ್ ಅಂದ್ರ ನಕಲಿ ಒಡವಿ ಅಂತನ ಅರ್ಥ, ಇಂಗ್ಲಿಷ್ ಓದೋರಿಗೂ ಆ ಪದದಾಗ ನಕಲಿಯ ವಾಸನಿ ಸ್ವಲ್ಪ ಬಡಿತೈತಿ. ಸಾಲ ಕೇಳೋ ಅರ್ಜಿಯೊಳಗ ಆ ವಾಸನಿ ಯಾಕ ಬೇಕ್ರಿ.

ನನ್ನ ಅನಿಸಿಕಿ ಏನಂದ್ರ ಇದು ಬರೇ ಇಂಗ್ಲಿಷ್ ಬರೂದಿಲ್ಲ ಅನ್ನೋ ತೊಂದರಿ ಅಲ್ಲ. 'ಅವರಂಗ' ಅಂದಾಗ ನಾವು ಅವರ ಯಾವುದನ್ನ ತಗೋಬೇಕಂತೀವಿ? ಅವರ ಗುಣಾನ, ಅವರ ಪದ್ಧತಿನ, ಅವರಿಗೆ ಸಿಕ್ಕ ಫಲಾನ? ಕನ್ನಡದ ಆ ಸಾಲಿನ್ಯಾಗ ಇದನ್ನ ಬಿಡಿಸಿ ಹೇಳಬೇಕಂತಿಲ್ಲ, ಇಂಗ್ಲಿಷ್‌ನ್ಯಾಗ ಕ್ರಿಯಾಪದ ಆರಿಸೋ ಮೊದಲ ಅದು ತೀರ್ಮಾನ ಆಗಿರಬೇಕು. ಅದೊಂದು ತೀರ್ಮಾನ ಆದ್ರ ಪದ ತಾನಾಗೇ ಸಿಗ್ತೈತಿ.

ಕುಷ್ಟಗಿ ಕಡೆ ದಾಳಿಂಬರಿ ಬೆಳೆಯೋ ರೈತರು ಸೇರಿ ಒಂದು ಕಂಪನಿ ಮಾಡ್ಕೊಂಡಾರ, ಅದರ ಯಜಮಾನ್ರು ಒಬ್ಬರು ಪ್ರಾಜೆಕ್ಟ್ ರಿಪೋರ್ಟ್ ತಗೊಂಡು ಬಂದಿದ್ರು. ಬಿಳಿ ಹಾಳಿಮ್ಯಾಲೆ ನೀಲಿ ಪೆನ್ನಿನ್ಯಾಗ ಅವರ ಮಗ ಬರೆದಿದ್ದ: 'ಇನ್‌ಸ್ಪೈರ್ಡ್ ಫ್ರಮ್ ಆನಂದ್, ವಿ ಆಲ್ಸೋ ವಾಂಟ್ ಟು ಇಮಿಟೇಟ್ ದಿ ಸೇಮ್ ಸಕ್ಸಸ್ ಲೈಕ್ ಅಮುಲ್.' ಅಮುಲ್ ಹುಟ್ಟಿದ ಗುಜರಾತಿನ ಆನಂದ್ ಅನ್ನೋ ಊರಿನ ಉದಾಹರಣಿ ಹಿಡಿದಿದ್ದು ನನಗ ಭಾಳ ಖುಷಿ ಆತು, ಯಾಕಂದ್ರ ಒಂದು ಊರಿನ ಗೆಲುವನ್ನ ಬ್ಯಾರೆ ಊರಿಗೆ ಒಯ್ಯೋದು ಅಂದ್ರ ಏನು ಅನ್ನೋದಕ್ಕ ನಮ್ಮ ದೇಶದಾಗ ಅದಕ್ಕಿಂತ ದೊಡ್ಡ ಉದಾಹರಣಿ ಇಲ್ಲ. 1946ರಾಗ ಖೇಡಾ ಜಿಲ್ಲೆಯ ರೈತರು ತ್ರಿಭುವನದಾಸ್ ಪಟೇಲರ ಮುಂದಾಳತನದಾಗ ಹಾಲಿನ ಸಹಕಾರಿ ಸಂಘ ಕಟ್ಟಿದ್ರು, ಅದೇ ಮುಂದ ಅಮುಲ್ ಆತು, 1949ರಾಗ ಅದನ್ನ ಬೆಳೆಸಿದ ವರ್ಗೀಸ್ ಕುರಿಯನ್ ಆನಂದಕ್ಕ ಬಂದ್ರು. 1964ರಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಲ್ಲಿಗೆ ಹೋಗಿ ಹಳ್ಳಿಯೊಳಗ ಒಂದು ರಾತ್ರಿ ಉಳಕೊಂಡು ರೈತರ ಜೋಡಿ ಮಾತಾಡಿ, ಇದು ದೇಶದ ತುಂಬ ಆಗಬೇಕು ಅಂದ್ರು, ಮರುವರ್ಷನ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಹುಟ್ಟಿತು, 1970ರಾಗ ದೇಶದ ತುಂಬ ಹಾಲು ಹೆಚ್ಚಿಸೋ 'ಆಪರೇಷನ್ ಫ್ಲಡ್' ಯೋಜನಾ ಸುರು ಆತು. ಈ ಕಥಿ ಹೇಳೋ ಇಂಗ್ಲಿಷ್ ಬರಹದಾಗ ಬಹಳ ಸಲ ಬರೋ ಮಾತು 'ರೆಪ್ಲಿಕೇಟ್ ದಿ ಆನಂದ್ ಪ್ಯಾಟರ್ನ್', ಅಂದ್ರ ಆನಂದಿನ ಮಾದರಿನ ಬ್ಯಾರೆ ಕಡೆನೂ ಹಂಗ ಕಟ್ಟೋದು. ಅಲ್ಲಿ ಕರ್ಮದ ಜಾಗಾದಾಗ ಕುಂತಿರೋದು ಪ್ಯಾಟರ್ನ್ ನೋಡ್ರಿ: ಹಳ್ಳಿಗೊಂದು ಸಂಘ, ಜಿಲ್ಲಾ ಮಟ್ಟದಾಗ ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ. ನಮ್ಮ ಕಡೆ ಹಳ್ಳಿ ಡೈರಿಗೆ ಕ್ಯಾನ್ ಹಿಡಕೊಂಡು ಹೋಗೋರು ದಿನಾ ನಡೆಸ್ತಿರೋದು ಅದೇ ಪದ್ಧತಿ.

ಯಜಮಾನ್ರ ಸಾಲಿಗೆ ಬರೋಣ. ಇನ್‌ಸ್ಪೈರ್ಡ್ ಆದ ಮ್ಯಾಲೆ 'ಫ್ರಮ್' ಬರೂದಿಲ್ಲ, 'ಬೈ' ಬರಬೇಕು. 'ದಿ ಸೇಮ್' ಅಂದ ಮ್ಯಾಲೆ 'ಲೈಕ್' ಹಾಕಬಾರದು, 'ಆ್ಯಸ್' ಹಾಕಬೇಕು. ಇವೆರಡೂ ನಮ್ಮ ಭಾಗದಾಗ ಸಾಲಿ ಮಾಸ್ತರಿಂದ ಹಿಡಿದು ಪೇಪರ್ ಜಾಹೀರಾತಿನ ತನಕ ಎಲ್ಲಾ ಕಡೆ ಕಾಣೋ ತಪ್ಪು. ಅವನ್ನ ತಿದ್ದಿ 'ರೆಪ್ಲಿಕೇಟ್ ದಿ ಸಕ್ಸಸ್ ಆಫ್ ಅಮುಲ್' ಅಂತ ಮಾಡಿದ್ರ ಇಂಗ್ಲಿಷ್ ಶುದ್ಧ ಆತು, ಪೇಪರ್‌ನ್ಯಾಗೆಲ್ಲ ಹಂಗ ಬರೀತಾರ. ಆದ್ರ ಅರ್ಥ? ಅವರಿಗೆ ಸಿಕ್ಕ ಫಲಾನ ನಾವೂ ತಂದು ತೋರಿಸ್ತೀವಿ ಅಂತ ಮಾತು ಕೊಟ್ಟಂಗ ಆಗ್ತೈತಿ. ಯಜಮಾನ್ರಿಗೆ ಇದನ್ನ ಹೇಳಿದೆ, ಅವರು ತಲಿ ಅಲ್ಲಾಡಿಸಿ "ಅಷ್ಟು ದೊಡ್ಡ ಮಾತು ಬ್ಯಾಡ ತಮ್ಮಾ, ಅವರು ಮಾಡಿದ ದಾರಿಯೊಳಗ ನಾವೂ ಮಾಡ್ತೀವಿ ಅಂತ ಬರಿ" ಅಂದ್ರು. ಅಂದ್ರ ಅವರಿಗೆ ಬೇಕಾಗಿದ್ದು ಪದ್ಧತಿ.

ಪದ್ಧತಿ ಅಂದ ಮ್ಯಾಲೆ ಎರಡು ಪದ ಅದಾವ, ಅಡಾಪ್ಟ್ ಮತ್ತ ಅಡ್ಯಾಪ್ಟ್. ಕನ್ನಡದೋರು ಹೇಳೋವಾಗ ಎರಡೂ ಒಂದೇ ಆಗಿಬಿಡ್ತಾವ, ಹಂಗಾಗಿ ಬರಿಯೋವಾಗೂ ಒಂದರ ಜಾಗಾಕ್ಕ ಇನ್ನೊಂದು ಬೀಳ್ತೈತಿ. ಮೊದಲನೇದರಾಗ ನಡುವ 'ಓ' ಅಕ್ಷರ, ಇದ್ದದ್ದನ್ನ ಇದ್ದಂಗ ಒಪ್ಪಿ ತಗೊಳ್ಳೋದು. ಎರಡನೇದರಾಗ 'ಎ' ಅಕ್ಷರ, ನಮಗ ಹೊಂದೋ ಹಂಗ ಬದಲಾಯಿಸಿ ತಗೊಳ್ಳೋದು, ಅದರ ಕರ್ಮ ಆದ ಮ್ಯಾಲೆ ಬಹಳ ಸಲ 'ಟು' ಬರ್ತೈತಿ. ಹಾಲು ದಿನಾ ಎರಡು ಹೊತ್ತು ಬರೋದು, ದಾಳಿಂಬರಿ ಬರೋದು ಹಂಗಾಮಿಗೆ, ಅದಕ್ಕ ಇಲ್ಲಿ ಎರಡನೇದ ಸರಿ. ಕೊನಿಗೆ ಕುಂತದ್ದು: 'ವಿ ಪ್ಲ್ಯಾನ್ ಟು ಅಡ್ಯಾಪ್ಟ್ ದಿ ಆನಂದ್ ಪ್ಯಾಟರ್ನ್ ಟು ಪೊಮೆಗ್ರನೇಟ್ ಫಾರ್ಮಿಂಗ್ ಇನ್ ಕುಷ್ಟಗಿ.' ಇದ್ರಾಗ ಸಕ್ಸಸ್ ಅನ್ನೋ ಪದಾನ ಇಲ್ಲ, ಆದ್ರೂ ಮೊದಲಿನ ಸಾಲಿಗಿಂತ ಇದು ಭರವಸಿ ಕೊಡ್ತೈತಿ.

ಇನ್ನ ಎಮ್ಯುಲೇಟ್. ಇದು ಚೊಲೋ ಪದ, ಮಂದಿ ಯಾಕೋ ಅಂಜತಾರ. ಇದ್ರಾಗ ಬರೇ ಅನುಕರಣಿ ಇಲ್ಲ, ಅವರ ಸರಿಸಮ ಆಗಬೇಕು, ಸಾಧ್ಯ ಆದ್ರ ಅವರನ್ನ ಮೀರಬೇಕು ಅನ್ನೋ ಹಟಾನೂ ಐತಿ. ಲ್ಯಾಟಿನ್‌ನ್ಯಾಗಿನ ಇದರ ಮೂಲದಾಗೂ ಪೈಪೋಟಿ ಅನ್ನೋ ಅರ್ಥ ಐತಿ. ವ್ಯಕ್ತಿಗೂ ಹೊಂದತೈತಿ, ಸಕ್ಸಸ್‌ಗೂ ಹೊಂದತೈತಿ, 'ಎಮ್ಯುಲೇಟ್ ಹರ್ ಸಕ್ಸಸ್' ಅಂತ ಧೈರ್ಯವಾಗಿ ಬರೀರಿ. ಎಮ್ಯುಲೇಟ್ ಆದ ಮ್ಯಾಲೆ 'ವಿತ್' ಗಿತ್ ಹಚ್ಚಬ್ಯಾಡ್ರಿ, ನೇರವಾಗಿ ಕರ್ಮ ಬರಬೇಕು.

ಕಿನ್ನಾಳದ ಒಂದು ಹುಡುಗಿ ಸ್ಕಾಲರ್‌ಶಿಪ್‌ಗೆ ಬರೆದ ಪುಟ ತಂದಿದ್ಲು, ಅಜ್ಜಿ ಗೊಂಬಿಗೆ ಬಣ್ಣ ಹಚ್ಚೋರು. ಕಿನ್ನಾಳ ಗೊಂಬಿ ನಿಮಗ ಗೊತ್ತೇ ಐತಿ, ಹಗುರ ಕಟಗಿಯಾಗ ಕೆತ್ತಿ ಬಣ್ಣ ಹಚ್ಚೋ ಕಲೆ, ಆ ಊರಿನದ ವಿಶೇಷ ಅಂತ ಸರಕಾರ ಕೊಡೋ ಜಿಐ ಟ್ಯಾಗೂ ಐತಿ. ಆಕಿ ಪುಟದಾಗ ಇಮಿಟೇಟ್ ಅಂತ ಮೂರ್ನಾಲ್ಕು ಕಡೆ ಇತ್ತು, ನಾನು ಎಲ್ಲಾ ಅಳಸಬೇಕು ಅಂತ ಪೆನ್ನು ತಗೊಂಡವ ಒಂದ್ ಕಡೆ ನಿಂತೆ. 'ಆ್ಯಸ್ ಎ ಚೈಲ್ಡ್ ಐ ಇಮಿಟೇಟೆಡ್ ಹರ್ ಬ್ರಷ್‌ಸ್ಟ್ರೋಕ್ಸ್.' ಇಲ್ಲಿ ಅದಕ್ಕಿಂತ ಸರಿಯಾದ ಪದ ಇಲ್ಲ! ಅಜ್ಜಿ ಪಕ್ಕ ಕುಂತು ಕಡ್ಡಿಗೀಟು ಎಳೆಯೋದನ್ನ, ಕಣ್ಣು ಬರಿಯೋದನ್ನ ನೋಡಿ ನೋಡಿ ಕೈ ತಿರುವಿದ್ದು ಇಮಿಟೇಶನ್ನ, ಕಸುಬು ಕಲಿಯೋದ ಹಂಗ. ಅದನ್ನ ಬಿಟ್ಟು ಉಳಿದ ಕಡೆ ತಿದ್ದಿದ್ವಿ. 'ಫಾಲೋ ಮೈ ಗ್ರ್ಯಾಂಡ್‌ಮದರ್ ಫುಟ್‌ಸ್ಟೆಪ್ಸ್' ಅಂತಿದ್ದದ್ದು 'ಫಾಲೋ ಇನ್ ಮೈ ಗ್ರ್ಯಾಂಡ್‌ಮದರ್ಸ್ ಫುಟ್‌ಸ್ಟೆಪ್ಸ್' ಆತು, 'ಇನ್' ಬೇಕು, ಅಪಾಸ್ಟ್ರಫಿನೂ ಬೇಕು. 'ಮೈ ಸಕ್ಸಸ್ ಶುಡ್ ಬಿ ಲೈಕ್ ಮೈ ಗ್ರ್ಯಾಂಡ್‌ಮದರ್' ಅನ್ನೋ ಸಾಲಿನ್ಯಾಗ ಗೆಲುವನ್ನ ಮನುಷ್ಯಾರ ಜೋಡಿ ತೂಗಿದಂಗ ಆಗಿತ್ತು, ಅದಕ್ಕ 'ಐ ಹೋಪ್ ಟು ಬಿಕಮ್ ಆ್ಯಸ್ ಸ್ಕಿಲ್ಡ್ ಆ್ಯಸ್ ಶಿ ಈಸ್' ಅಂತ ಮಾಡಿದ್ವಿ. "ಅಣ್ಣಾ, ಇದು ಭಾಳ ಸಾದಾ ಆತಲ್ಲ?" ಅಂದ್ಲು. ಸಾದಾ ಇರ್ಲಿ ಅಂದೆ. ಯಾವ ಪದ ಹಾಕ್ಲಿ ಅಂತ ಅನುಮಾನ ಬಂದ್ರ ಈ ಎರಡು 'ಆ್ಯಸ್' ನಡುವ ಒಂದು ಗುಣವಾಚಕ ಇಟ್ಟುಬಿಡ್ರಿ, ಎಲ್ಲಿಯೂ ಕೈ ಕೊಡೂದಿಲ್ಲ.

ನನಗ ಎಲ್ಲಕ್ಕಿಂತ ಸೇರೋದು 'ಲರ್ನ್ ಫ್ರಮ್'. ಅದನ್ನ ಬರೆದ್ರ ಅಲ್ಲಿಗೇ ನಿಲ್ಲಾಕ ಆಗೂದಿಲ್ಲ, ಏನು ಕಲಿತ್ರಿ ಅಂತ ಮುಂದಿನ ಪ್ರಶ್ನಿ ಬರ್ತೈತಿ. ಯಜಮಾನ್ರಿಗೂ ಅದನ್ನ ಕೇಳಿದೆ. ಡೈರಿಯಾಗ ಫ್ಯಾಟ್ ನೋಡಿ ರೊಕ್ಕ ಕೊಡ್ತಾರಲ್ಲ, ಹಂಗ ಹಣ್ಣಿನ ಗ್ರೇಡ್ ನೋಡಿ ರೈತರ ಕಣ್ಣೆದುರಿಗೆ ರೇಟ್ ಕಟ್ತೀವಿ ಅಂದ್ರು. ಅದನ್ನ ಎರಡನೇ ಸಾಲಾಗಿ ಸೇರಿಸಿದ್ವಿ: 'ವಿ ಹ್ಯಾವ್ ಲರ್ನ್ಡ್ ಫ್ರಮ್ ಡೈರಿ ಕೋಆಪರೇಟಿವ್ಸ್ ಟು ಪೇ ಈಚ್ ಗ್ರೋವರ್ ಬೈ ಕ್ವಾಲಿಟಿ.' ಪ್ರಿಂಟ್ ಕೊಟ್ಟ ಮ್ಯಾಲೆ ಯಜಮಾನ್ರು ಅದರ ಕನ್ನಡ ಅರ್ಥಾನ ಹಾಳಿಯ ಹಿಂದ ಬರೆಸ್ಕೊಂಡ್ರು, ಸಂಘದ ಮೀಟಿಂಗ್‌ನ್ಯಾಗ ಎಲ್ಲಾರಿಗೂ ಓದಿ ಹೇಳಬೇಕಂತ.