ಎಲ್ಲರೂ ರೂಟ್ ಆಗಿದ್ದಾಗ

ಶಿವಮೊಗ್ಗದಲ್ಲಿದ್ದುಕೊಂಡು ಮಲೆನಾಡಿನ ಕೆಲವು ಸಹಕಾರ ಸಂಘಗಳ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಒಂದು ಅಡಿಕೆ ಸಂಘದಲ್ಲಿ, ನಾನು ಆಡಿದ ಒಂದು ಮಾತಿನಿಂದ ಬಿಲ್ ಮಾಡುವ ಹುಡುಗನೊಬ್ಬನ ಕೆಲಸವೇ ಹೋಗುವುದರಲ್ಲಿತ್ತು.

ಜುಲೈ ತಿಂಗಳು. ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ಎಂದು ತೋಟಕ್ಕೆ ಹಣ ಬೇಕಾಗುವ ಕಾಲ. ಉಳಿಸಿಟ್ಟ ಅಡಿಕೆಯಲ್ಲಿ ಎರಡು ಮೂರು ಚೀಲವನ್ನು ಬೆಳೆಗಾರರು ಆಗ ಸಂಘಕ್ಕೆ ತರುತ್ತಾರೆ. ಅವರಲ್ಲೊಬ್ಬರು ತಮ್ಮ ರಾಶಿ ಅಡಿಕೆಯ ಬಿಲ್ಲನ್ನು ಹಿಂದಿನ ಬಿಲ್ಲಿನ ಪಕ್ಕಕ್ಕಿಟ್ಟು, "ಸೇವಾ ಶುಲ್ಕ ಇಳಿಸಿದ್ದೇವೆ ಎಂದಿರಿ, ಇದರಲ್ಲಿ ಹಳೆಯದೇ ಹಿಡಿದಿದ್ದೀರಲ್ಲ?" ಎಂದು ಕೇಳಿದರು. ಸರ್ವರ್‌ನಲ್ಲಿದ್ದ ದರದ ಫೈಲ್ ಹಳೆಯ ಅಂಕಿಗಳಿಗೆ ಮರಳಿತ್ತು. ಸರಿಪಡಿಸಿದರು. ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಹಾಗೆಯೇ ಆಯಿತು.

ನನ್ನನ್ನು ಕರೆಸಿದರು. ಫೈಲ್ ಬದಲಾದ ಸಮಯವನ್ನೂ 'ಲಾಸ್ಟ್' ಆದೇಶ ಕೊಟ್ಟ ಲಾಗಿನ್ ಪಟ್ಟಿಯನ್ನೂ ಹೊಂದಿಸಿ ನೋಡಿದೆ. ಎರಡು ಸಲವೂ ಆ ಹೊತ್ತಿಗೆ ರೂಟ್, ಅಂದರೆ ಸರ್ವರ್‌ನಲ್ಲಿ ಏನನ್ನು ಬೇಕಾದರೂ ಮಾಡಬಲ್ಲ ಪೂರ್ಣಾಧಿಕಾರದ ಖಾತೆ, ಒಳಗಿತ್ತು, ಅದೂ ಬಿಲ್ ಮಾಡುವ ಹುಡುಗನ ಕಂಪ್ಯೂಟರ್‌ನಿಂದ. ಕಂಡದ್ದನ್ನು ಹಾಗೆಯೇ ಹೇಳಿದೆ. ಮರುದಿನ ಅವನ ಕೈಗೆ ನೋಟಿಸ್ ಬಂತು.

ಅವನು ಬಸ್ ಹಿಡಿದು ನನ್ನ ಕಚೇರಿಗೇ ಬಂದ. "ಸರ್, ಕರೆಂಟ್ ಬಂದ ಮೇಲೆ ಸರ್ವರ್ ಸರಿಯಾಗಿ ಎದ್ದಿದೆಯೇ ಎಂದು ನೋಡುತ್ತೇನೆ. ಅದು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ" ಎಂದ. ಅವನ ಮಾತು ಸುಳ್ಳೆನ್ನಲು ನನ್ನಲ್ಲಿ ಆಧಾರವಿರಲಿಲ್ಲ, ನಿಜವೆನ್ನಲೂ ಇರಲಿಲ್ಲ. ರೂಟ್ ಗುಪ್ತಪದ ಕಾರ್ಯದರ್ಶಿಗೆ, ಲೆಕ್ಕಿಗರಿಗೆ, ಈ ಹುಡುಗನಿಗೆ, ಸಾಫ್ಟ್‌ವೇರ್ ಕೊಟ್ಟವರಿಗೆ, ನನಗೆ, ಹೀಗೆ ಐದು ಕಡೆ ಗೊತ್ತಿತ್ತು. ಟೈಪ್ ಮಾಡಿದ ಆದೇಶಗಳು ಉಳಿಯುವ ಬ್ಯಾಷ್ ಇತಿಹಾಸದ ಫೈಲ್ ನೋಡಿದರೆ ಐವರ ಆದೇಶಗಳೂ ಒಂದೇ ರಾಶಿಯಾಗಿ ಬಿದ್ದಿದ್ದವು, ವೇಳೆಯ ಗುರುತೂ ಇಲ್ಲದೆ. ಆ ಆದೇಶಗಳನ್ನು ಕೊಟ್ಟವರೇ ಅದನ್ನು ಅಳಿಸಲೂಬಹುದು. ಒಬ್ಬನ ಅನ್ನದ ವಿಷಯವನ್ನು ಅಂಥ ಕಾಗದದ ಮೇಲೆ ತೀರ್ಮಾನಿಸಲು ನಾನು ದಾರಿ ಮಾಡಿಕೊಟ್ಟಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಧ್ಯಕ್ಷರಲ್ಲಿ ಒಂದು ತಿಂಗಳು ಕಾಲಾವಕಾಶ ಕೇಳಿಕೊಂಡೆ. ಮೊದಲು ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ ತೆರೆದು, ದೂರದ ಕಂಪ್ಯೂಟರ್‌ನಿಂದ ಸರ್ವರ್ ಒಳಗೆ ಬರುವ ದಾರಿಯಾದ ಎಸ್‌ಎಸ್‌ಎಚ್ ಮೂಲಕ ನೇರವಾಗಿ ರೂಟ್ ಆಗಿ ಬರುವುದನ್ನು ಮುಚ್ಚಿದೆ. ಅಧಿಕಾರ ಬೇಕಾದವರು ತಮ್ಮ ಖಾತೆಯಿಂದಲೇ ರೂಟ್ ಅಧಿಕಾರ ಪಡೆಯುವ ಸುಡೋ ಆದೇಶ ಬಳಸಲಿ ಎಂದೆ. ಈ ಹೆಜ್ಜೆಯನ್ನು ಬಿಟ್ಟು ಆಡಿಟ್, ಅಂದರೆ ಯಾರು ಏನು ಮಾಡಿದರೆಂಬ ದಾಖಲೆ, ಹಾಕುವುದು ವ್ಯರ್ಥ. ಲಿನಕ್ಸ್‌ನ ತಿರುಳಾದ ಕರ್ನಲ್ ಈ ದಾಖಲೆಯ ಪ್ರತಿ ಘಟನೆಯ ಜೊತೆ ಎಯುಐಡಿ ಎಂಬ ಸಂಖ್ಯೆಯನ್ನು ಬರೆಯುತ್ತದೆ. ಅದು ಲಾಗಿನ್ ಆದ ಕ್ಷಣದಲ್ಲಿ ಅಂಟಿಕೊಂಡ ಗುರುತು. ಆಮೇಲೆ ಸುಡೋ ಮಾಡಿ ರೂಟ್ ಆದರೂ ಬದಲಾಗುವುದಿಲ್ಲ. ಆದರೆ ಐವರೂ ಬಾಗಿಲಲ್ಲೇ ರೂಟ್ ಆಗಿ ಬಂದರೆ ಐವರ ಎಯುಐಡಿಯೂ ರೂಟ್‌ನ ಸಂಖ್ಯೆಯಾದ ಸೊನ್ನೆಯೇ.

ನಂತರ ಈ ದಾಖಲೆ ಬರೆದಿಡುವ ತಂತ್ರಾಂಶವಾದ ಆಡಿಟ್‌ಡಿಗೆ ಎರಡು ನಿಯಮ ಕೊಟ್ಟೆ. ದರದ ಫೈಲನ್ನು ಯಾರಾದರೂ ಬರೆದರೆ ಅಥವಾ ಅದರ ಅನುಮತಿ ಬದಲಿಸಿದರೆ ದಾಖಲಿಸು ಎಂಬುದು ಒಂದು. ಜನರು ನಡೆಸುವ ಪ್ರತಿ ಆದೇಶವನ್ನೂ ದಾಖಲಿಸು ಎಂಬುದು ಇನ್ನೊಂದು. ಎರಡನೆಯದರಲ್ಲಿ ಎಡವಿದೆ. ಆಡಿಟ್‌ಡಿಯ ಮೂಲ ವ್ಯವಸ್ಥೆಯಲ್ಲಿ 8 ಎಂಬಿಯ 5 ಫೈಲ್‌ಗಳಷ್ಟೇ ಇರುತ್ತವೆ. ತುಂಬಿದಂತೆ ಹಳೆಯದು ಅಳಿಯುತ್ತದೆ. ಬಿಲ್ಲಿಂಗ್‌ನ ಸಣ್ಣಪುಟ್ಟ ಆದೇಶಗಳೇ ತುಂಬಿ, ಮೂರನೇ ದಿನಕ್ಕೆ ಮೊದಲ ದಿನದ ದಾಖಲೆಯೇ ಇರಲಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು, ಅಂದರೆ ಇಂಥ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕೆನ್ನುತ್ತದೆ. ಅದನ್ನು ಅಳತೆಯಾಗಿಟ್ಟುಕೊಂಡು ಜಾಗ ಹೆಚ್ಚಿಸಿದೆ, ರೂಟ್ ಅಧಿಕಾರದಲ್ಲಿ ನಡೆಯುವ ಆದೇಶಗಳಿಗಷ್ಟೇ ನಿಯಮವನ್ನು ಕುಗ್ಗಿಸಿದೆ. ದಾಖಲೆಯ ಪ್ರತಿ ಶಿವಮೊಗ್ಗದ ಇನ್ನೊಂದು ಯಂತ್ರಕ್ಕೆ ಬರುವಂತೆಯೂ ಮಾಡಿದೆ. ಅದೇ ಸರ್ವರ್‌ನಲ್ಲಿ ಕುಳಿತ ದಾಖಲೆಯನ್ನು ರೂಟ್ ಅಧಿಕಾರವಿದ್ದವರು ಅಳಿಸಿಬಿಡಬಹುದು.

ಮಳೆ ಜೋರಾಗಿತ್ತು. ಒಂದು ಬೆಳಿಗ್ಗೆ ಲೈನಿನ ಮೇಲೆ ಮರ ಬಿದ್ದು ವಿದ್ಯುತ್ ಹೋಯಿತು. ಯುಪಿಎಸ್ ಬ್ಯಾಟರಿ ಸೋತು ಬಹಳ ದಿನವಾಗಿತ್ತು. ಮಧ್ಯಾಹ್ನ ಕರೆಂಟ್ ಬಂತು, ಸರ್ವರ್ ಎದ್ದಿತು, ದರ ಮತ್ತೆ ಹಳೆಯದಾಯಿತು. ಆಡಿಟ್ ದಾಖಲೆಯಲ್ಲಿ ಹುಡುಕುವ ಆಸರ್ಚ್ ಆದೇಶದಿಂದ ದರದ ಫೈಲಿನ ದಾಖಲೆ ತೆಗೆದೆ. ಬರೆದದ್ದು ಸಿಪಿ, ಅಂದರೆ ನಕಲು ಮಾಡುವ ಆದೇಶ. ನಡೆಸಿದ್ದು ರೂಟ್. ಎಯುಐಡಿಯ ಜಾಗದಲ್ಲಿ ಇದ್ದದ್ದು 4294967295.

ಆ ಸಂಖ್ಯೆಯನ್ನು ಬಹಳ ಹೊತ್ತು ನೋಡುತ್ತಾ ಕುಳಿತೆ. 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಎಯುಐಡಿ ಯಾರಿಗೂ ಸೇರಿಲ್ಲ, ಈ ಕೆಲಸದ ಹಿಂದೆ ಲಾಗಿನ್ ಆದ ಮನುಷ್ಯನೇ ಇಲ್ಲ ಎಂದು ಕರ್ನಲ್ ಹೇಳುವ ರೀತಿ. ಆ ಸಿಪಿಯನ್ನು ಶುರುಮಾಡಿದ ಪೋಷಕ ಪ್ರಕ್ರಿಯೆಯ ಜಾಡು ಹಿಡಿದು ಹೋದಾಗ ಹಿಂದೆಂದೋ ಸಾಫ್ಟ್‌ವೇರ್ ಅಳವಡಿಸಿದವರು ಬಿಟ್ಟುಹೋಗಿದ್ದ, ಸರ್ವರ್ ಜೊತೆ ತಾನಾಗಿಯೇ ಶುರುವಾಗುವ ಒಂದು ಆರಂಭಿಕ ಸೇವೆ ಸಿಕ್ಕಿತು. ಸರ್ವರ್ ಎದ್ದಾಗಲೆಲ್ಲ ಡೇಟಾಬೇಸ್ ಸಿದ್ಧವಾಗಲಿ ಎಂದು ಐದು ನಿಮಿಷ ಕಾದು, ತನ್ನಲ್ಲಿದ್ದ ಹಳೆಯ ದರದ ಫೈಲನ್ನು ಈಗಿನದರ ಮೇಲೆ ನಕಲು ಮಾಡುತ್ತಿತ್ತು. ಆ ಐದು ನಿಮಿಷದೊಳಗೆ ಹುಡುಗ, ಯಾರೂ ಹೇಳದಿದ್ದರೂ, ಸರ್ವರ್ ಎದ್ದಿದೆಯೇ ಎಂದು ನೋಡಲು ಲಾಗಿನ್ ಆಗುತ್ತಿದ್ದ. ಅವನ ಕಾಳಜಿಯೇ ಅವನ ವಿರುದ್ಧದ ಸಾಕ್ಷಿಯಾಗಿತ್ತು. ಅದೇ ಲಾಗಿನ್ ಪಟ್ಟಿಯಲ್ಲಿ ಸರ್ವರ್ ಮರುಚಾಲನೆಯ ಸಾಲುಗಳೂ ಇದ್ದವು. ಮೊದಲ ದಿನವೇ ಅವುಗಳ ಮೇಲೆ ಕಣ್ಣಾಡಿಸಿದ್ದರೆ ಸಾಕಿತ್ತು. ನಾನು ಹೆಸರು ಹುಡುಕುತ್ತಿದ್ದೆ, ಆ ಸಾಲುಗಳನ್ನು ದಾಟಿ ಹೋಗಿದ್ದೆ.

ಸೇವೆಯನ್ನು ನಿಲ್ಲಿಸಿದೆ, ಸಂಘದವರು ಬ್ಯಾಟರಿ ಬದಲಿಸಿದರು, ಹೆಚ್ಚು ಹಿಡಿದ ಹಣ ಬೆಳೆಗಾರರ ಖಾತೆಗೆ ಮರಳಿತು. ಅಧ್ಯಕ್ಷರ ಕೊಠಡಿಯಲ್ಲಿ ಹುಡುಗನನ್ನೂ ಕೂರಿಸಿಕೊಂಡು ದಾಖಲೆಯ ಸಾಲನ್ನು ಒಂದೊಂದೇ ಪದವಾಗಿ ಓದಿ ವಿವರಿಸಿದೆ, ಅವನಲ್ಲಿ ಕ್ಷಮೆ ಕೇಳಿದೆ. ಅವನು ಮಾತಾಡಲಿಲ್ಲ, ಆ ಹತ್ತಂಕಿಯ ಸಂಖ್ಯೆ ಎಲ್ಲಿದೆ ಎಂದು ಬೆರಳಿಟ್ಟು ನೋಡಿದ. ನೋಟಿಸ್ ಇದ್ದ ಕಡತದಲ್ಲಿಯೇ, ನೋಟಿಸ್‌ನ ಮೇಲಿನ ಹಾಳೆಯಾಗಿ, ಆ ಸಾಲಿನ ಮುದ್ರಿತ ಪ್ರತಿಯನ್ನು ಸೇರಿಸಿ ಕೆಳಗೆ ಸಹಿ ಹಾಕಿ ಬಂದೆ.