ಟೇಲಿಂಗ್ಸ್ ಜರಡಿ ಹಿಡಿದ ಮೇಲೆ ಗೊತ್ತಾಗಿದ್ದು

ತಾಮ್ರದ ಅದಿರಿನ ಪ್ಲಾಂಟಿನಲ್ಲಿ ಶಿಫ್ಟ್ ಇಂಜಿನಿಯರ್ ಆಗಿ ನನಗದು ಎರಡನೇ ವರ್ಷ. ರಿಕವರಿ, ಅಂದರೆ ಅದಿರಿನ ತಾಮ್ರದಲ್ಲಿ ನಮ್ಮ ಕೈಗೆ ಸಿಗುವ ಪಾಲು, ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಬೆಳಗಿನ ಮೀಟಿಂಗಿನಲ್ಲಿ ಒಂದೇ ಮಾತು, ಕಲೆಕ್ಟರ್ ರಾಸಾಯನಿಕ ಜಾಸ್ತಿ ಮಾಡಿ. ಮಾಡಿದೆ. ನಮ್ಮ ಕಲೆಕ್ಟರ್ ಕ್ಸಾಂತೇಟ್, ಅದನ್ನು ಏರಿಸಿದೆ, ಗಾಳಿಯನ್ನೂ ಏರಿಸಿದೆ, ನೊರೆ ಹಾಲುಕ್ಕಿದ ಹಾಗೆ ಸೆಲ್ ಎನ್ನುವ ತೊಟ್ಟಿಯಿಂದ ಉಕ್ಕಿ ಬಂತು. ಟೇಲಿಂಗ್ಸಿಗೆ, ಅಂದರೆ ತಾಮ್ರ ತೆಗೆದ ಮೇಲೆ ಎಸೆಯುವ ಕಲ್ಲಿನ ಪುಡಿಗೆ, ಹೋಗುವ ತಾಮ್ರ ಮಾತ್ರ ಕಡಿಮೆಯಾಗಲಿಲ್ಲ, ನೊರೆಯಲ್ಲಿ ಮೇಲೆ ಬಂದ ಕಾನ್ಸೆಂಟ್ರೇಟಿನ ಗ್ರೇಡ್ (ಅದರಲ್ಲಿನ ತಾಮ್ರದ ಪ್ರಮಾಣ) ಬೇರೆ ಬಿತ್ತು.

ಹೀಗೆ ನೊರೆಯಲ್ಲಿ ತೇಲಿಸಿ ತಾಮ್ರ ಬೇರೆ ಮಾಡುವ ಫ್ಲೋಟೇಶನ್ ಗೊತ್ತಿಲ್ಲದವರಿಗೆ ಎರಡು ಮಾತು. ಅದಿರನ್ನು ನೀರಿನ ಜೊತೆ ಬಾಲ್ ಮಿಲ್ಲಿನಲ್ಲಿ ನುಣ್ಣಗೆ ಅರೆಯುತ್ತೇವೆ. ಕಲೆಕ್ಟರ್ ತಾಮ್ರದ ಕಣದ ಮೈಗೆ ಹತ್ತಿ ಅದಕ್ಕೆ ನೀರು ಅಂಟದ ಹಾಗೆ ಮಾಡುತ್ತದೆ. ಆ ಕಣ ಗಾಳಿಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಕಲ್ಲಿನ ಪುಡಿ ಕೆಳಗೇ ಉಳಿಯುತ್ತದೆ.

ನಮ್ಮ ಲ್ಯಾಬಿನಲ್ಲಿ ಬಳ್ಳಾರಿ ಕಡೆಯ ಹಿರಿಯ ಕೆಮಿಸ್ಟ್ ಒಬ್ಬರಿದ್ದರು. ನನ್ನ ರಿಪೋರ್ಟ್ ನೋಡಿ, "ಬರೀ ಸರಾಸರಿ ನೋಡ್ತಾ ಕೂತ್ರೆ ಏನು ಗೊತ್ತಾಗುತ್ತಪ್ಪಾ? ಒಂದು ಬಕೆಟ್ ಟೇಲಿಂಗ್ಸ್ ತಗೊಂಡು ಬಾ, ಜರಡಿ ಹಿಡಿಯೋಣ" ಅಂದರು.

ಮೊದಲು 38 ಮೈಕ್ರಾನ್ ಜರಡಿಯ ಮೇಲೆ ನೀರು ಬಿಟ್ಟು, ಕೆಳಗಿಳಿಯುವ ನೀರು ತಿಳಿಯಾಗುವ ತನಕ ತೊಳೆದೆವು. ಮೇಲೆ ಉಳಿದದ್ದನ್ನು ಒಣಗಿಸಿ 150, 106, 75, 53 ಅಂತ ಬೇರೆ ಮಾಡಿ ಒಂದೊಂದನ್ನೂ, ಕೆಳಗಿಳಿದ ನುಣ್ಣಗಿನದನ್ನೂ, ಪ್ರತ್ಯೇಕ ಅಸ್ಸೇಗೆ (ತಾಮ್ರ ಎಷ್ಟಿದೆ ಅಂತ ನೋಡುವ ಪರೀಕ್ಷೆಗೆ) ಕೊಟ್ಟೆವು. ಮಧ್ಯದ ಗಾತ್ರದಲ್ಲಿ ತಾಮ್ರ ಹೆಚ್ಚುಕಮ್ಮಿ ಇರಲೇ ಇಲ್ಲ. ಇದ್ದದ್ದು ಎರಡು ತುದಿಗಳಲ್ಲಿ, ತೀರಾ ದಪ್ಪದರಲ್ಲಿ ಮತ್ತು ತೀರಾ ನುಣ್ಣಗಿನದರಲ್ಲಿ. 150ರ ಮೇಲಿನದನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಬಿಳಿ ಕ್ವಾರ್ಟ್ಜ್ ಕಣದ ಅಂಚಿನಲ್ಲಿ ಹಿತ್ತಾಳೆ ಬಣ್ಣದ ಚಾಲ್ಕೋಪೈರೈಟ್, ಅಂದರೆ ತಾಮ್ರದ ಖನಿಜ, ಮಿನುಗುತ್ತಿತ್ತು. ನೆಲದೊಳಗಿಂದ ಸಿಡಿಸಿ ತೆಗೆದು, ಅಷ್ಟು ಕರೆಂಟು ಸುಟ್ಟು ಅರೆದು, ಕೊನೆಗೆ ಟೇಲಿಂಗ್ಸ್ ಡ್ಯಾಮಿಗೆ ಸುರಿಯುತ್ತಿದ್ದೇವಲ್ಲ ಅಂತ ಹೊಟ್ಟೆ ಉರಿಯಿತು.

ನುಣ್ಣಗಿನ ಕಣದ ಕಷ್ಟವೇ ಬೇರೆ, ದಪ್ಪದರ ಕಷ್ಟವೇ ಬೇರೆ. ನುಣ್ಣಗಿನದು ಎಷ್ಟು ಹಗುರ ಅಂದರೆ, ಗುಳ್ಳೆಗೆ ಬಡಿಯುವ ಬದಲು ನೀರಿನ ಜೊತೆ ಅದರ ಪಕ್ಕದಲ್ಲೇ ಜಾರಿಹೋಗುತ್ತದೆ. ಅದಕ್ಕೆ ಸಣ್ಣ ಗುಳ್ಳೆ ಬೇಕು, ಜೋರಾದ ಕಲಕಾಟ ಬೇಕು. ದಪ್ಪದ್ದು ಗುಳ್ಳೆಗೆ ಅಂಟಿಕೊಳ್ಳುತ್ತದೆ, ಆದರೆ ಅದೇ ಕಲಕಾಟಕ್ಕೆ ಕಳಚಿ ಬೀಳುತ್ತದೆ. ಒಂದೇ ಸೆಲ್ಲಿನಲ್ಲಿ ಇಬ್ಬರನ್ನೂ ಸಮಾಧಾನ ಮಾಡುವುದು ಕಷ್ಟ ಅಲ್ವಾ? ನಾನು ಸುರಿದ ಕ್ಸಾಂತೇಟಿನ ಬಹುಪಾಲು ನುಣ್ಣಗಿನ ಪುಡಿಯ ಮೈಗೇ ಹೋಗಿತ್ತು, ಯಾಕೆಂದರೆ ಒಟ್ಟು ಮೇಲ್ಮೈ ಅದರದ್ದೇ ಜಾಸ್ತಿ.

ಅದಕ್ಕೇ ಈಗ ಗಾತ್ರಕ್ಕೆ ತಕ್ಕ ಸೆಲ್ ಬಂದಿವೆ. ನುಣ್ಣಗಿನದಕ್ಕೆ ಜೇಮ್ಸನ್ ಸೆಲ್, 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಗ್ರೇಮ್ ಜೇಮ್ಸನ್ ರೂಪಿಸಿದ್ದು. ಅದರಲ್ಲಿ ಸ್ಲರಿ (ಅರೆದ ಅದಿರು ಬೆರೆತ ನೀರು) ಜೋರಾಗಿ ಕೊಳವೆಯೊಳಗೆ ಧುಮುಕುವಾಗ ತಾನೇ ಗಾಳಿ ಎಳೆದುಕೊಂಡು ಪುಟಾಣಿ ಗುಳ್ಳೆ ಮಾಡುತ್ತದೆ. ದಪ್ಪದಕ್ಕೆ ಹೈಡ್ರೋಫ್ಲೋಟ್. ಅದರಲ್ಲಿ ತಿರುಗುವ ಚಕ್ರವೇ ಇಲ್ಲ. ಕೆಳಗಿಂದ ಏರುವ ನೀರೇ ಕಣಗಳನ್ನು ಎತ್ತಿ ಹಿಡಿದಿರುತ್ತದೆ, ಗುಳ್ಳೆ ಸ್ವಲ್ಪ ನೆರವಾದರೆ ಸಾಕು. ಆದರೆ ನುಣ್ಣಗಿನದನ್ನು ಮೊದಲೇ ತೊಳೆದು ಕಳಿಸಿರಬೇಕು. ಆಸ್ಟ್ರೇಲಿಯಾದ ಕೇಡಿಯಾ ಗಣಿಯಲ್ಲಿ 2018ರಲ್ಲಿ ಇದನ್ನು ಟೇಲಿಂಗ್ಸ್ ಮೇಲೇ ಹಾಕಿದರು.

ನಮ್ಮಲ್ಲಿ ಅಷ್ಟು ದುಡ್ಡಿರಲಿಲ್ಲ. ಮಿಲ್ಲಿನಿಂದ ಬಂದದ್ದರಲ್ಲಿ ದಪ್ಪದ್ದನ್ನು ಕೆಳಬಾಯಿಂದ ಮತ್ತೆ ಮಿಲ್ಲಿಗೆ, ನುಣ್ಣಗಿನದನ್ನು ಮೇಲಿನ ಬಾಯಿಂದ ಫ್ಲೋಟೇಶನ್‌ಗೆ ಕಳಿಸುವ ಸೈಕ್ಲೋನ್ ಹತ್ತಿರ ಹೋಗಿ ನಿಂತೆ. ಕೆಳಬಾಯಿಂದ ಕೊಡೆ ಬಿಚ್ಚಿದ ಹಾಗೆ ಬರಬೇಕಾದ ಸ್ಲರಿ ಹಗ್ಗದ ಹಾಗೆ ಗಟ್ಟಿಯಾಗಿ ಇಳಿಯುತ್ತಿತ್ತು. ಅಂದರೆ ದಪ್ಪದ್ದು ಮೇಲಿನ ಬಾಯಿಂದ ನುಸುಳಿ ಫ್ಲೋಟೇಶನ್‌ಗೆ ಹೋಗುತ್ತಿದೆ. ದಿನಾ ಅದರ ಪಕ್ಕದಲ್ಲೇ ಓಡಾಡಿದ್ದೆ, ನಿಂತು ನೋಡಿರಲಿಲ್ಲ. ಕೆಳಬಾಯಿಗೆ ದೊಡ್ಡ ಸ್ಪಿಗಟ್ ಹಾಕಿದೆವು, ಫೀಡಿಗೆ ನೀರು ಜಾಸ್ತಿ ಮಾಡಿದೆವು. ಕ್ಸಾಂತೇಟನ್ನು ಒಂದೇ ಸಲ ಸುರಿಯದೆ ಸ್ವಲ್ಪ ಮೊದಲ ಸೆಲ್ಲಿಗೆ, ಉಳಿದದ್ದು ಸಾಲಿನ ಕೊನೆಯ ಸೆಲ್‌ಗಳಾದ ಸ್ಕ್ಯಾವೆಂಜರಿಗೆ ಕೊಟ್ಟೆವು, ಕೊನೆಯ ತನಕ ಉಳಿದ ದಪ್ಪ ಕಣಕ್ಕೂ ಪಾಲು ಸಿಗಲಿ ಅಂತ.

ಮುಂದಿನ ಜರಡಿಯಲ್ಲಿ 150ರ ಮೇಲೆ ಉಳಿದದ್ದು ಒಂದು ಹಿಡಿಯಷ್ಟೂ ಇರಲಿಲ್ಲ. ನುಣ್ಣಗಿನದು ಮಾತ್ರ ಇನ್ನೂ ಹೋಗುತ್ತಲೇ ಇದೆ. ಬಿಡಿಯಾದ ಚಾಲ್ಕೋಪೈರೈಟ್ ಕಲ್ಲಿಗಿಂತ ಭಾರ ಇರುವುದರಿಂದ ಸೈಕ್ಲೋನ್ ಅದನ್ನು ಮತ್ತೆ ಮತ್ತೆ ಮಿಲ್ಲಿಗೇ ವಾಪಸ್ ಕಳಿಸುತ್ತದೆ, ಅದು ಬೇಕಾದ್ದಕ್ಕಿಂತ ನುಣ್ಣಗಾಗುತ್ತದೆ. ಸೈಕ್ಲೋನ್ ಕೆಳಗೇ ಒಂದು ಫ್ಲ್ಯಾಶ್ ಫ್ಲೋಟೇಶನ್ ಸೆಲ್ ಇಟ್ಟರೆ ಅದನ್ನು ಅಲ್ಲೇ ಹಿಡಿಯಬಹುದು. ಅದಕ್ಕೆ ಪ್ರಸ್ತಾವ ಬರೆದು ಕೊಟ್ಟಿದ್ದೇನೆ, ಆ ಎರಡೂ ಜರಡಿ ಹಾಳೆಗಳನ್ನು ಅದಕ್ಕೇ ಪಿನ್ ಮಾಡಿದ್ದೇನೆ.