ಭಾರತದ ನೀಲಿ ಗೆದ್ದಿತು, ರೈತ ಗೆಲ್ಲಲಿಲ್ಲ

ಜೂನ್ 14, 2025, ಶನಿವಾರ
ತುಲೂಸ್, ಫ್ರಾನ್ಸ್

ಬಣ್ಣದ ಕಾರ್ಯಾಗಾರವೊಂದರಲ್ಲಿ ಇವತ್ತು ಹತ್ತಿ ಬಟ್ಟೆಯನ್ನು ಕೈಯಾರೆ ಅದ್ದಿದೆ. ಬಣ್ಣ ವೋಡ್ ಗಿಡದ್ದು. ಇಲ್ಲಿನವರು ಪಾಸ್ತೆಲ್ ಎನ್ನುತ್ತಾರೆ. ಹಂಡೆಯಲ್ಲಿದ್ದ ನೀರು ನೀಲಿಯಲ್ಲ, ಹಳದಿ ಬೆರೆತ ಹಸಿರು. ಗುಳ್ಳೆ ಏಳದಂತೆ ಬಟ್ಟೆಯನ್ನು ಮೆಲ್ಲಗೆ ಮುಳುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದಾಗಲೂ ಅದೇ ಹಸಿರು. ಗಾಳಿ ತಾಗಿದ್ದೇ ತಡ, ಅಂಚಿನಿಂದ ನೀಲಿ ಹಬ್ಬತೊಡಗಿತು. ಮಡಿಕೆಗಳೊಳಗೆ ಹಸಿರು ಉಳಿದಿತ್ತು. ಬಿಡಿಸಿ ಹರಡಿದೆ, ಅದೂ ಬದಲಾಯಿತು. ಆಮ್ಲಜನಕದ ಕೆಲಸವೆಂದು ಗೊತ್ತಿದ್ದರೂ ಮೈ ಜುಮ್ಮೆಂದಿತು.

ವೋಡ್ ಸಾಸಿವೆಯ ಕುಟುಂಬದ ಗಿಡ. ಹೂವು ಹಳದಿ, ನೀಲಿ ಇರುವುದು ಮೊದಲ ವರ್ಷದ ಎಲೆಗಳಲ್ಲಿ. ಹಿಂದೆ ಎಲೆಗಳನ್ನು ಕಲ್ಲಿನ ಗಾಲಿಯಡಿ ಅರೆದು, ಉಂಡೆ ಕಟ್ಟಿ ಒಣಗಿಸಿ, ಮತ್ತೆ ಪುಡಿ ಮಾಡಿ, ನೀರು ಚಿಮುಕಿಸಿ ವಾರಗಟ್ಟಲೆ ಕೊಳೆಸುತ್ತಿದ್ದರು. ಆ ನಾತ ತಾಳಲಾರದೆ ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿ ತನ್ನ ಅರಮನೆಗಳ ಆಸುಪಾಸಿನಲ್ಲಿ ಇದನ್ನು ಬೆಳೆಯಬಾರದೆಂದು 1585ರಲ್ಲಿ ಆಜ್ಞೆ ಹೊರಡಿಸಿದ್ದಳು. ತುಲೂಸಿನ ಸಿರಿತನ ಮಾತ್ರ ಈ ಉಂಡೆಗಳದ್ದೇ. ಪಾಸ್ತೆಲ್ ವರ್ತಕ ಪಿಯೆರ್ ದಸೆಜಾ 1555ರಲ್ಲಿ ಕಟ್ಟಿಸತೊಡಗಿದ ಇಟ್ಟಿಗೆಯ ಮಹಲು ಇಂದಿಗೂ ಗಟ್ಟಿಯಾಗಿ ನಿಂತಿದೆ.

"ಭಾರತದ ನೀಲಿ ಬಂದು ನಮ್ಮ ಪಾಸ್ತೆಲನ್ನು ಮುಗಿಸಿತು" ಎಂದರು ಕಾರ್ಯಾಗಾರದ ಮಾರ್ಗದರ್ಶಿ. ನನಗೆ ಸುಮ್ಮನಿರಲು ಆಗಲಿಲ್ಲ. ಮಾತೇನೋ ನಿಜ. ಬಣ್ಣದ ಅಣು ಎರಡು ಗಿಡಗಳಲ್ಲೂ ಒಂದೇ ಆದರೂ ನಮ್ಮ ನೀಲಿ ಗಿಡದ ಎಲೆಯಿಂದ ಸಿಗುವ ಪ್ರಮಾಣ ಹಲವು ಪಟ್ಟು ಹೆಚ್ಚು. ಅದು ಒಳಬರದಂತೆ ಜರ್ಮನ್ ಸೀಮೆಯಲ್ಲಿ 1577ರಲ್ಲಿ 'ಸೈತಾನನ ಬಣ್ಣ' ಎಂದು ನಿಷೇಧಿಸಿದರು. 1609ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ, ಬಳಸಿದವರಿಗೆ ಮರಣದಂಡನೆ ಎಂದ. ಆದರೂ ತಡೆಯಲಾಗಲಿಲ್ಲ.

ಆದರೆ ಗೆದ್ದವನು ನಮ್ಮ ರೈತನೇ? 1859ರಲ್ಲಿ ಬಂಗಾಳದ ರೈತರು ನೀಲಿ ಬಿತ್ತುವುದೇ ಇಲ್ಲವೆಂದು ಬಂಡೆದ್ದರು. ಚಂಪಾರಣ್ಯದಲ್ಲಿ 20 ಕಟ್ಠಾ (ಅಲ್ಲಿನ ನೆಲದ ಅಳತೆ) ಹೊಲವಿದ್ದವನು 3 ಕಟ್ಠಾದಲ್ಲಿ ನೀಲಿ ಬೆಳೆಯಲೇಬೇಕಿತ್ತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಬೆಲೆ ಕುಸಿಯಿತು. ಆಗ ನೀಲಿ ತೋಟಗಳ ಬಿಳಿಯ ಒಡೆಯರು ಗೇಣಿ ಏರಿಸಿ ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಊರೂರು ತಿರುಗಿ ಬರೆಸಿಕೊಂಡದ್ದು ಈ ರೈತರ ಹೇಳಿಕೆಗಳನ್ನೇ. ವರ್ತಕರ ಮಹಲುಗಳ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡುವುದು ನನಗೆ ಸಹಿಸಲಾಗದ ಅನ್ಯಾಯ.

ಮಾರ್ಗದರ್ಶಿ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಮುಂದಿನ ತಂಡಕ್ಕೆ ಇದನ್ನೂ ಹೇಳಿ ಎಂದು ಕೇಳಿಕೊಂಡೆ. ಒಪ್ಪಿದರು. ಚಂಪಾರಣ್ಯ ಎಲ್ಲಿದೆ ಎಂದಾಗ ಮೊಬೈಲಿನ ಭೂಪಟದಲ್ಲಿ ಬಿಹಾರದ ಉತ್ತರದ ಅಂಚನ್ನು ತೋರಿಸಿದೆ.